ಅಮ್ಮನ ಹೆಸರಿನ ಚೀಟಿ

"ನಾಲಿಗೆ ಚಾಚಿ" ಎಂದರು ಡಾಕ್ಟರು. ಪದ್ಮಾಕ್ಷಿ ಅದನ್ನು ತುಳುವಿನಲ್ಲಿ ಹೇಳುವ ಮೊದಲೇ ಅವಳ ಅಮ್ಮ ಸೇಸಮ್ಮ, ನೆಂಟರಿಗೆ ಚಾಪೆ ಬಿಡಿಸಿದ ಹಾಗೆ, ನಾಲಿಗೆಯನ್ನು ಉದ್ದಕ್ಕೆ ಹಾಸಿದಳು. ಎಲೆಯಡಿಕೆಯ ಕೆಂಪು ಗಂಟಲಿನವರೆಗೂ ಇತ್ತು. ಮೂಡಬಿದ್ರೆಯಲ್ಲಿ ಬಸ್ಸಿಳಿದ ಕೂಡಲೇ ತಿಂದ ಗೋಳಿಬಜೆಯ ಒಂದು ಚೂರು ಗಲ್ಲದಲ್ಲಿ ಇನ್ನೂ ಅಂಟಿಕೊಂಡಿತ್ತು.

"ನಾಲ್ಕು ತಿಂಗಳಿಂದ ಊಟಾನೇ ಸೇರ್ತಿಲ್ಲ ಅಂದ್ರಲ್ಲಮ್ಮ?" ಎಂದರು ಡಾಕ್ಟರು. ಮೈಸೂರಿನ ಕಡೆಯವರು, ಬಂದು ಒಂದು ತಿಂಗಳಾಗಿತ್ತಷ್ಟೆ. ತುಳುವಿನ ಒಂದಕ್ಷರವೂ ಬರುತ್ತಿರಲಿಲ್ಲ.

ಪದ್ಮಾಕ್ಷಿ ತಲೆ ತಗ್ಗಿಸಿದಳು. ಊಟ ಸೇರದವಳು ಅವಳು. ಆಸ್ಪತ್ರೆಯ ಚೀಟಿ ಮಾತ್ರ ಅಮ್ಮನ ಹೆಸರಿನದು. ಉಪಾಯವೂ ಅಮ್ಮನದೇ. "ಮುಂದಿನ ತಿಂಗಳು ನಿನ್ನನ್ನು ನೋಡಲಿಕ್ಕೆ ಗಂಡಿನವರು ಬರ್ತಾರೆ. ಹುಡುಗಿಗೆ ಮನಸ್ಸಿನ ಕಾಯಿಲೆ ಅಂತ ಒಬ್ಬನ ಕಿವಿಗೆ ಬಿದ್ದರೆ ಸಾಕು, ಸುದ್ದಿ ಚಾರ್ಮಾಡಿ ಘಾಟಿ ಹತ್ತಿ ಆಚೆಗೆ ಇಳೀತದೆ. ನನ್ನ ಹೆಸರಲ್ಲಿ ಚೀಟಿ ಮಾಡಿಸುವ. ನನ್ನನ್ನು ಇನ್ನು ಯಾವ ಗಂಡು ನೋಡಲಿಕ್ಕೆ ಬರ್ತಾನೆ? ನಿನಗೆ ಆಗುವುದನ್ನೆಲ್ಲ ನನಗೆ ಅಂತ ಹೇಳ್ತೇನೆ. ನೀನು ಕನ್ನಡ ಮಾಡು. ಮದ್ದು ಕೊಟ್ಟರೆ ನೀನು ಕುಡಿ!" ಬೆಳ್ತಂಗಡಿಯಲ್ಲಾದರೆ ಚೀಟಿ ಬರೆಯುವವನೇ ನೆಂಟ. ಹಾಗಾಗಿ ಕಕ್ಕಿಂಜೆಯಿಂದ ಎರಡು ಬಸ್ಸು ಬದಲಿಸಿ ಇಲ್ಲಿಗೆ ಬಂದದ್ದು.

"ಸ್ವಲ್ಪ ಸಪ್ಪೆ ಮುಖ ಮಾಡಮ್ಮ" ಎಂದು ಅವಳು ತುಳುವಿನಲ್ಲಿ ಪಿಸುಗುಟ್ಟಿದಳು.

"ಮಾಡಿದ್ದೇನಲ್ಲ? ಕಾಣುವುದಿಲ್ಲವಾ?"

ಕಾಣುತ್ತಿತ್ತು, ಬರುವ ಸೀನನ್ನು ತಡೆಹಿಡಿದವರ ಹಾಗೆ.

"ಏನೇನಾಗುತ್ತೆ, ಒಂದೊಂದಾಗಿ ಹೇಳಲಿ" ಎಂದರು ಡಾಕ್ಟರು. ಸೇಸಮ್ಮ ಕಾದಿದ್ದವಳಂತೆ ಬೆರಳು ಮಡಚತೊಡಗಿದಳು. "ಬೆಳಗಾದರೆ ಏಳಲಿಕ್ಕೆ ಆಗುವುದಿಲ್ಲ. ಒಲೆಯೆದುರು ಕೂತರೆ ಕಡ್ಡಿ ಗೀರಲಿಕ್ಕೆ ಕೈ ಹೋಗುವುದಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೀತೇನೆ. ದನ ಕರು ಹಾಕಿದರೂ ಸಂತೋಷ ಇಲ್ಲ. ಬಾಚಣಿಗೆ ಎತ್ತುವುದೂ ಹಾರೆ ಎತ್ತಿದ ಹಾಗೆ..." ಪದ್ಮಾಕ್ಷಿ ಕನ್ನಡ ಮಾಡುತ್ತಾ ಹೋದಂತೆ ಅವಳ ಸ್ವರ ಸಣ್ಣದಾಯಿತು. ತಾನು ಮತ್ತೆ ಮತ್ತೆ ತೊಳೆದ ಆ ಪಾತ್ರೆಗಳನ್ನು ಅಮ್ಮ ನೋಡಿದ್ದು ಯಾವಾಗ?

ಒಂದು ಕೈ ಮುಗಿದು ಇನ್ನೊಂದು ಕೈಯ ಬೆರಳಿಗೆ ಬಂದಾಗ ಸೇಸಮ್ಮನಿಗೆ ಮರೆತುಹೋಯಿತು. "ಮತ್ತೊಂದು ಎಂಥದ್ದು ಮಾರಾಯ್ತಿ?"

"ಅಳು."

"ಹಾಂ, ಅಳು! ಡಾಕ್ಟ್ರೇ, ಅಳು ಬರ್ತದೆ!" ಎಂದು ಇದ್ದ ಒಂದೆರಡು ಕನ್ನಡ ಮಾತನ್ನೂ ಖರ್ಚು ಮಾಡಿದ ಸೇಸಮ್ಮ, ನೆನಪಾದ ಖುಷಿಗೆ ಮೇಜಿನ ಮೇಲೊಂದು ಏಟು ಹಾಕಿ ನಕ್ಕೇಬಿಟ್ಟಳು. ಮಸಿಕುಡಿಕೆ ಕುಣಿಯಿತು. ಹೊರಗಿನ ಬೆಂಚಿನಲ್ಲಿ ಕೂತಿದ್ದವರು ಯಾಕೆಂದು ತಿಳಿಯದೆಯೇ ನಕ್ಕರು. ಪದ್ಮಾಕ್ಷಿಗೂ ನಾಲ್ಕು ತಿಂಗಳ ಮೇಲೆ ಮೊದಲ ಬಾರಿಗೆ ಮೂಗಿನಿಂದ ಏನೋ ಒಂದು ಪುಸಕ್ಕೆಂದು ಹೊರಬಿತ್ತು.

ಡಾಕ್ಟರು ಪೆನ್ನು ಕೆಳಗಿಟ್ಟರು. "ನಿಮ್ಮ ತಾಯಿ ನನಗಿಂತ ಗಟ್ಟಿಯಾಗಿದ್ದಾರೆ. ಒಂದು ಟಾನಿಕ್ ಬರೆದುಕೊಡ್ತೀನಿ, ಹೋಗಿಬನ್ನಿ."

ನಗು ಅಲ್ಲೇ ಇಂಗಿತು. ಇನ್ನೊಮ್ಮೆ ಇಷ್ಟು ದೂರ ಬರುವ ತ್ರಾಣ ತನಗಿಲ್ಲವೆಂದು ಪದ್ಮಾಕ್ಷಿಗೆ ಗೊತ್ತಿತ್ತು. "ಡಾಕ್ಟ್ರೇ, ಕಾರಣ ಇಲ್ಲದೆಯೂ ಹೀಗೆ ಆಗಲಿಕ್ಕೆ ಉಂಟಾ?" ಎಂದಳು. ಮನೆಯವರು ಕಾರಣ ಕೊಟ್ಟಿದ್ದರು, ಬೇಕಾದಷ್ಟು. ನಾಗನ ಮುನಿಸು ಎಂದರು, ಕಣ್ಣುದೃಷ್ಟಿ ಎಂದರು, ಹೈಸ್ಕೂಲು ಓದಿಸಿದ್ದೇ ತಪ್ಪೆಂದರು. ಯಾವುದೂ ಅವಳ ಅಳತೆಗೆ ಕೂತಿರಲಿಲ್ಲ. ಕಾರಣವಿಲ್ಲದ ಮೇಲೆ ಸೋಮಾರಿತನವೇ ಇರಬೇಕೆಂದು ಕೊನೆಗೆ ತಾನೇ ತೀರ್ಮಾನಿಸಿದ್ದಳು.

ಡಾಕ್ಟರು ಆಗ ಮೊದಲ ಸಲ ಅವಳ ಮುಖ ನೋಡಿದರು. "ಮಲೇರಿಯಾ ಆದ್ರೆ ಸೊಳ್ಳೆಯನ್ನ ತೋರಿಸಬಹುದಮ್ಮ. ಇದು ಬರೋ ದಾರಿ ಒಂದೇ ಅಲ್ಲ. ದುಃಖದಿಂದ ಬರುತ್ತೆ, ದೊಡ್ಡ ಜ್ವರ ಬಿಟ್ಟ ಮೇಲೆ ಬರುತ್ತೆ, ಹೆರಿಗೆಯಾದ ಮೇಲೆ ಬರುತ್ತೆ. ಒಂದೇ ಮನೆಯಲ್ಲಿ ತಾಯಿಗೂ ಮಕ್ಕಳಿಗೂ ಬರೋದಿದೆ. ಏನೂ ಇಲ್ಲದೆ ಬಂದು ಕೂರೋದೂ ಉಂಟು. ಸೋಮಾರಿತನ ಅಂತೂ ಅಲ್ಲ. ಗುಣವಾಗುತ್ತೆ. ಆದ್ರೆ ಕಾಯಿಲೆ ಯಾರದು ಅಂತ ನನಗೆ ಗೊತ್ತಾಗಬೇಕಲ್ಲ? ನಿಮ್ಮ ತಾಯೀನ ಕೇಳಿ. ಹಿಂದೆ ಎಂದಾದರೂ ಹೀಗಾಗಿತ್ತಾ?"

ಪದ್ಮಾಕ್ಷಿ ಕೇಳಿದಳು. ಈ ಸಲ ಸೇಸಮ್ಮ ಬೆರಳು ಮಡಚಲಿಲ್ಲ.

"ಆಗಿತ್ತು" ಎಂದಳು. "ನೀನು ಮೂರು ತಿಂಗಳ ಕೂಸು. ತೊಟ್ಟಿಲಲ್ಲಿ ಕಿರುಚುತ್ತಿದ್ದೆ. ಏಳುವ ಅಂತ ಮನಸ್ಸಿಗೆ ಇತ್ತು, ಕಾಲು ಕೇಳ್ತಿರಲಿಲ್ಲ. ಹೊಸ್ತಿಲಲ್ಲೇ ಕೂತಿರುತ್ತಿದ್ದೆ. ನಿನ್ನ ಅಜ್ಜಿ ಭೂತಕ್ಕೆ ಕೋಳಿ ಕೊಟ್ಟರು, ನನಗೆ ಮಂತ್ರಿಸಿದ ನೂಲು ಕಟ್ಟಿಸಿದರು."

"ಇದು ಡಾಕ್ಟ್ರಿಗೆ ಹೇಳಲಿಕ್ಕೆ ಮಾಡಿದ ಕಥೆಯಾ ಅಮ್ಮ?"

"ಕಥೆ ಮಾಡಲಿಕ್ಕೆ ನಾನು ಹೈಸ್ಕೂಲಿಗೆ ಹೋದವಳಾ?"

"ಯಾರಿಗೂ ಹೇಳಲಿಲ್ಲವಾ?"

"ಕೇಳಿದ್ದು ಯಾರು? ಎರಡು ವರ್ಷ ಹಾಗೇ ಹೋಯಿತು. ಮತ್ತೆ ಒಂದು ದಿನ ಒಣಮೀನಿನ ಚಟ್ನಿ ತಿನ್ನುವ ಅಂತ ಆಯಿತು. ತಿಂದೆ. ನೋಡು, ಆವತ್ತಿನಿಂದ ತಿನ್ನುತ್ತಲೇ ಇದ್ದೇನೆ!" ಸೇಸಮ್ಮ ಹೊಟ್ಟೆ ತಟ್ಟಿಕೊಂಡು ನಕ್ಕಳು. ನಗುತ್ತಲೇ ಸೆರಗಿನಿಂದ ಮುಖ ಒರೆಸಿಕೊಂಡಳು. ಗಲ್ಲದ ಚೂರು ಹೋಯಿತು, ಕಣ್ಣು ಮಾತ್ರ ಒಣಗಲಿಲ್ಲ. "ನೀನು ಎರಡು ವರ್ಷ ಕೂರುವುದು ಬೇಡ ಮಗಾ."

"ಇಷ್ಟುದ್ದ ಮಾತಾಡಿದ್ರಲ್ಲ, ಏನಂತೆ?" ಡಾಕ್ಟರು ಪೆನ್ನು ಎತ್ತಿಕೊಂಡರು.

"ಅಮ್ಮನದು ಗುಣವಾಯಿತಂತೆ" ಎಂದಳು ಪದ್ಮಾಕ್ಷಿ. "ಇನ್ನು ನನ್ನದು ಬರೆದುಕೊಳ್ಳಿ."