ಮೀಸೆಯವನ ಆಟ

ವಿಡಿಯೋ ಗೇಮ್ ಕಂಪನಿ ಶುರುವಾಗಿ ನಾಲ್ಕು ವರ್ಷವಾದರೂ ಒಂದು ಆಟವೂ ಹೊರಬಂದಿರಲಿಲ್ಲ. ಮಾಲೀಕ ಜಯತೀರ್ಥರು ಪ್ರತಿ ಸೋಮವಾರ ಮೀಸೆ ತಿರುವುತ್ತ ಬಂದು, "ಒಂದೇ ಒಂದು ಸಣ್ಣ ಬದಲಾವಣೆ" ಎನ್ನುತ್ತಿದ್ದರು. ಆಟದ ನಾಯಕ ಕುದುರೆ ಸವಾರನಾಗಿದ್ದವನು ಮಾವುತನಾದ, ಮಾವುತ ಗಗನಯಾತ್ರಿಯಾದ; ಆನೆಯನ್ನು ತೆಗೆಯಲು ಯಾರೂ ಹೇಳದ್ದರಿಂದ ಅದೂ ಚಂದ್ರಲೋಕಕ್ಕೆ ಹೋಯಿತು.

ಇದರಿಂದ ರೋಸಿಹೋದ ಪ್ರೋಗ್ರಾಮರ್ ಕುಸುಮಾ ಕದ್ದುಮುಚ್ಚಿ ತಾನೇ ಒಂದು ಆಟ ಮಾಡಿದಳು. ಆಡುವವರು ಗೋಡೆ ಕಟ್ಟಬೇಕು. ದಪ್ಪ ಮೀಸೆಯವನೊಬ್ಬ ಬಂದು ಒದ್ದು ಬೀಳಿಸುತ್ತಾನೆ. ಆಫೀಸಿಗೆ ಆಫೀಸೇ ಅದನ್ನಾಡಿ ಬಿದ್ದುಬಿದ್ದು ನಗುತ್ತಿತ್ತು.

ಒಂದು ದಿನ ಕುಸುಮಾ ಆಡುತ್ತ ತಿರುಗಿ ನೋಡಿದರೆ, ಬೆನ್ನ ಹಿಂದೆಯೇ ಜಯತೀರ್ಥರು.

"ಏನಮ್ಮಾ ಇದು?"

"ಸುಮ್ನೆ ತಮಾಷೆಗೆ ಸಾರ್."

"ಏಳು ಮೇಲೆ, ನಾನೂ ನೋಡ್ತೀನಿ."

ಕೆಲಸ ಹೋಯಿತೆಂದುಕೊಂಡ ಕುಸುಮಾ ಊಟದ ಡಬ್ಬಿಯನ್ನು ಚೀಲಕ್ಕೆ ತುಂಬಿಕೊಂಡಳು. ಅವರು ಒಂದು ಗಂಟೆ ಆಡಿದರು. ಹನ್ನೊಂದು ಗೋಡೆ ಕಟ್ಟಿದರು, ಹನ್ನೊಂದೂ ಬಿದ್ದವು. ಕೊನೆಗೆ ಬೆವರು ಒರೆಸಿಕೊಂಡು ಎದ್ದರು.

"ಭಾರೀ ಚೆನ್ನಾಗಿದೆ ಕಣಮ್ಮಾ, ಇದನ್ನೇ ಬಿಡುಗಡೆ ಮಾಡೋಣ. ಒಂದೇ ಒಂದು ಸಣ್ಣ ಬದಲಾವಣೆ. ಈ ಮೀಸೆಯವನನ್ನ ತೆಗೆದುಹಾಕ್ಬಿಡು, ಇವನು ಇರೋವರೆಗೂ ಇಲ್ಲಿ ಏನೂ ಮುಗಿಯಲ್ಲ."