ಮಂಜಿನಲ್ಲಿ ನಡೆಯುವುದು

ನದಿಯಿಂದ ಎದ್ದ ಮಂಜು ನೋಡನೋಡುತ್ತಿದ್ದಂತೆ ಪೋರ್ಟೊ ನಗರದ ಆ ಬೀದಿಯನ್ನು ನುಂಗಿಬಿಟ್ಟಿತು. ಎಲೈನ್ ಫುಟ್‌ಪಾತಿನಲ್ಲೇ ನಿಂತಳು. ಕಂಕುಳಲ್ಲಿ ಎರಡು ವರ್ಷದ ಜೋಯಲ್, ಪಕ್ಕದಲ್ಲಿ ಆರು ವರ್ಷದ ಮರೀನಾ. ಮಾರನಹಳ್ಳಿ ಬಿಟ್ಟು ಪೋರ್ಚುಗಲ್‌ಗೆ ಬಂದು ಹನ್ನೆರಡೇ ದಿನ. ಫೋನ್ ಆಫ್ ಆಗಿತ್ತು, ಮನೆಯ ದಾರಿ ಕೇಳೋಣವೆಂದರೆ ಭಾಷೆ ಬಾರದು. ‘ಮಕ್ಕಳಿಗೆ ಈ ಊರು ಒಗ್ಗಲ್ಲ, ವಾಪಸ್ ಹೋಗೋಣ’ ಎಂದು ಬೆಳಿಗ್ಗೆಯಷ್ಟೇ ಗಂಡನಿಗೆ ಹೇಳಿದ್ದಳು.

“ಬಾ ಮಮ್ಮಿ,” ಮರೀನಾ ಅವಳ ಕೈ ಹಿಡಿದಳು. “ಊರಲ್ಲಿ ಸ್ಕೂಲ್ ಬಸ್ಸಿಗೆ ಹೋಗ್ವಾಗ್ಲೂ ಹಿಂಗೇ ಇರ್ತಿತ್ತಲ್ಲ. ದೂರ ನೋಡ್ಬಾರ್ದು. ಕಾಲ ಹತ್ರ ನೋಡ್ಕೊಂಡು ನಡೀಬೇಕು.”

ಘಾಟಿ ಅಂಚಿನ ಮಂಜಿನಲ್ಲೇ ನಡೆಯಲು ಕಲಿತ ಮಗು, ಕಲ್ಲುಹಾಸಿನ ಮೇಲೆ ಅವಸರವಿಲ್ಲದೆ ಹೆಜ್ಜೆಯಿಟ್ಟಿತು. “ಈಗ ಬೇಕರಿ ಬರ್ತೈತೆ” ಎಂದಿತು. ಹಿಂದೆಯೇ ಬಿಸಿ ಬ್ರೆಡ್ಡಿನ ಪರಿಮಳ ಬಂತು. “ಇಲ್ಲಿ ಚರಂಡಿ ಸದ್ದು. ತಿರುಗು.” ಹತ್ತು ಹೆಜ್ಜೆ ಏರಿದ ಮೇಲೆ, ಮಂಜಿನೊಳಗಿಂದ ಅವರದೇ ಮನೆಯ ನೀಲಿ ಬಾಗಿಲು ಮೂಡಿತು.

ಎಲೈನ್ ಮಗಳತ್ತ ತಿರುಗಿ ನೋಡಿದಳು. ಹನ್ನೆರಡು ದಿನಗಳಲ್ಲಿ ಈ ಪುಟ್ಟ ಜೀವ ಒಂದಿಡೀ ಊರನ್ನು ತನ್ನದಾಗಿಸಿಕೊಂಡಿದ್ದು ಯಾವಾಗ?

“ಕೀ ಕೊಡು ಮಮ್ಮಿ, ನಾನು ತೆಗೀತೀನಿ.”

ಎಲೈನ್ ಕೀಲಿಯನ್ನು ಮಗಳ ಕೈಗಿಟ್ಟಳು.