ಕರೆದೊಯ್ಯಲು ಬಂದ ಅಣ್ಣ

ತನ್ನ ಕೇರಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿ ದ್ಯಾಮವ್ವ. ಅಂಥವರನ್ನೇ ಹುಡುಕಿ ಸಂಶೋಧನೆ ಕಲಿಸುತ್ತಿದ್ದ ಪ್ರೊಫೆಸರೊಬ್ಬರು, ಕೃತಕ ಚರ್ಮ ಬೆಳೆಸುವ ತಮ್ಮ ಪ್ರಯೋಗಾಲಯಕ್ಕೆ ಅವಳನ್ನು ಸೇರಿಸಿಕೊಂಡಿದ್ದರು.

ಸೋದರಮಾವನೊಂದಿಗೆ ಅವಳ ಮದುವೆ ಗೊತ್ತುಮಾಡಿದ್ದ ಅಣ್ಣ ಯಮನೂರಪ್ಪ ಒಂದು ದಿನ ಅಲ್ಲಿಗೇ ನುಗ್ಗಿದ. ಅಡ್ಡ ಬಂದ ಪ್ರೊಫೆಸರನ್ನು ನೂಕಿ ಕೆಡವಿದ. ತಂಗಿಯ ಜಡೆ ಹಿಡಿದು ತಲೆಯನ್ನು ಗೋಡೆಗೆ ಅಪ್ಪಳಿಸಿದ.

"ಮಾವ ಕಾಯಾಕತ್ತಾನ. ನಡಿ ಮನಿಗಿ!"

"ಒಲ್ಲೆ. ನಾ ಇಲ್ಲೇ ಓದತೀನಿ."

"ಅದ್ಹೆಂಗ ಓದತೀ, ನಾನೂ ನೋಡತೀನಿ!"

ಅವಳು ತಿಂಗಳುಗಟ್ಟಲೆ ಜೋಪಾನವಾಗಿ ಚರ್ಮ ಬೆಳೆಸಿದ್ದ ಗಾಜಿನ ಪೆಟ್ಟಿಗೆಗೆ ಅವನು ಮುಷ್ಟಿಯಿಂದ ಗುದ್ದಿದ. ಗಾಜು ಒಡೆದು ಅವನ ಮಣಿಕಟ್ಟಿನೊಳಕ್ಕೆ ಇಳಿಯಿತು. ರಕ್ತ ಚಿಮ್ಮಿತು. ಅವನು ಕುಸಿದು ಕೂತ.

ದ್ಯಾಮವ್ವ ಧಾವಿಸಿ ಗಾಯದ ಮೇಲೆ ಹೆಬ್ಬೆರಳು ಊರಿ ಬಲವಾಗಿ ಒತ್ತಿ ಹಿಡಿದಳು. ರಕ್ತ ನಿಂತಿತು. ಪ್ರೊಫೆಸರ್ ನೆಲದ ಮೇಲಿಂದಲೇ ಆಂಬುಲೆನ್ಸಿಗೆ ಫೋನ್ ಮಾಡತೊಡಗಿದರು.

ಅಣ್ಣನ ತುಟಿ ಬಿಳಿಚಿಕೊಂಡಿತ್ತು. "ಕೈ ಬಿಡಬ್ಯಾಡ ನಮ್ಮವ್ವ, ಸತ್ತ ಹೋಗತೀನಿ," ಎಂದು ಅತ್ತ.

ದ್ಯಾಮವ್ವ ಹೆಬ್ಬೆರಳನ್ನು ತುಸುವೇ ಸಡಿಲಿಸಿ ಕೇಳಿದಳು:

"ಈಗ ಹೇಳಣ್ಣ, ನಿನ್ನ ಜೋಡಿ ಮನಿಗಿ ಬರಲೇನು?"